ಕೂಲಿಂಗ್ ಟವರ್, ಚಿಲ್ಲರ್, ಮೋಲ್ಡ್‌ಗಳಲ್ಲಿ ಸುಣ್ಣ ಕಟ್ಟದಂತೆ ನೋಡಿಕೊಳ್ಳುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ಪೀಣ್ಯದ ಪ್ಲಾಸ್ಟಿಕ್ ಮೋಲ್ಡಿಂಗ್ ಶೆಡ್‌ಗಳಲ್ಲಿ ಹಲವು ವರ್ಷ ಮೆಂಟೆನೆನ್ಸ್ ನೋಡಿಕೊಂಡವನು ನಾನು. ಮೋಲ್ಡ್ ಅಂದರೆ ಪ್ಲಾಸ್ಟಿಕ್‌ಗೆ ರೂಪ ಕೊಡುವ ಅಚ್ಚು, ಡೈ ಅಂತಲೂ ಅಂತೀವಿ. ಚಿಲ್ಲರ್ ಅಂದರೆ ನೀರನ್ನು ತಣ್ಣಗೆ ಮಾಡುವ ಯಂತ್ರ. ಇವುಗಳ ಬಿಸಿ ಹೊತ್ತು ಬಂದ ನೀರನ್ನು ಗಾಳಿಗೆ ಹನಿಸಿ, ಸ್ವಲ್ಪ ಆವಿಯಾಗಿಸಿ ತಣಿಸುವುದು ಕೂಲಿಂಗ್ ಟವರ್. ಬೋರ್‌ವೆಲ್ ನೀರಿನಲ್ಲಿ ಟವರ್ ಓಡಿಸುವವರು ನನ್ನನ್ನು ಕೇಳಿದ ಪ್ರಶ್ನೆಗಳು, ನಾನು ಕೊಟ್ಟ ಉತ್ತರಗಳು ಇಲ್ಲಿವೆ. ಲೆಕ್ಕಗಳನ್ನು ಬಿಟ್ಟು ಮುಂದೆ ಹೋಗಬೇಡಿ. ಸುಣ್ಣ ಕಟ್ಟುವುದು ಆ ಲೆಕ್ಕ ತಪ್ಪಿದಾಗಲೇ.

ಪೈಪಿನಲ್ಲಿ ಕಟ್ಟುವ ಈ ಬಿಳಿ ಪೊರೆ ನಿಜವಾಗಿ ಏನು?

ಹೆಚ್ಚಿನ ಪಾಲು ಕ್ಯಾಲ್ಸಿಯಂ ಕಾರ್ಬೊನೇಟ್. ಮನೆ ನೆಲಕ್ಕೆ ಹಾಸುವ ಶಹಾಬಾದ್ ಕಲ್ಲು ಇದೆಯಲ್ಲ, ಅದರಲ್ಲೂ ಮುಖ್ಯವಾಗಿ ಇರುವುದು ಇದೇ. ಬಚ್ಚಲುಮನೆಯ ಹಂಡೆಯ ಒಳಗೆ ಕಟ್ಟುವುದೂ, ಗೀಸರ್ ಕಾಯಿಲ್ ಮೇಲೆ ಕೂರುವುದೂ ಇದೇ. ನಮ್ಮಲ್ಲಿ ಸುಮ್ನೆ ಸುಣ್ಣ ಅಂತೀವಿ, ವರ್ಕ್‌ಶಾಪ್‌ನಲ್ಲಿ ಸ್ಕೇಲ್ ಅಂತೀವಿ. ಜೊತೆಗೆ ಸ್ವಲ್ಪ ಮೆಗ್ನೀಸಿಯಂ, ಸಿಲಿಕಾ, ತುಕ್ಕು, ಗಾಳಿಯಿಂದ ಬಿದ್ದ ಧೂಳು ಸೇರಿರುತ್ತದೆ. ಹೀಗಾಗಿ ಕೆಲವು ಕಡೆ ಪೊರೆ ಬಿಳಿಯಾಗಿರದೆ ಕಂದು ಬಣ್ಣಕ್ಕೆ ತಿರುಗಿರುತ್ತದೆ.

ಸಂಪಿನಲ್ಲಿ ಕಟ್ಟದ ಸುಣ್ಣ ಕಂಡೆನ್ಸರ್ ಟ್ಯೂಬಿನಲ್ಲೇ ಯಾಕೆ ಕಟ್ಟುತ್ತದೆ?

ಸಕ್ಕರೆ ಬಿಸಿ ನೀರಿನಲ್ಲಿ ಬೇಗ ಕರಗುತ್ತದೆ. ಸುಣ್ಣ ಹಾಗಲ್ಲ, ಅದರದು ಉಲ್ಟಾ. ನೀರು ಬಿಸಿಯಾದಷ್ಟೂ ಅದು ಕರಗಿರುವುದನ್ನು ಬಿಟ್ಟು ಹೊರಗೆ ಬರುತ್ತದೆ. ಇಡೀ ಲೈನಿನಲ್ಲಿ ಅತಿ ಬಿಸಿಯ ಜಾಗ ಯಾವುದು? ಕಂಡೆನ್ಸರ್ (ಚಿಲ್ಲರ್ ಒಳಗಿನ ಗ್ಯಾಸ್ ತನ್ನ ಶಾಖವನ್ನು ಟವರ್ ನೀರಿಗೆ ಬಿಡುವ ಭಾಗ) ಟ್ಯೂಬಿನ ಒಳಗೋಡೆ, ಮೋಲ್ಡ್‌ನ ಕೂಲಿಂಗ್ ತೂತು, ಹೈಡ್ರಾಲಿಕ್ ಆಯಿಲ್ ಕೂಲರ್. ಅಂದರೆ ನಮಗೆ ಎಲ್ಲಿ ಬೇಡವೋ ಅಲ್ಲೇ.

ಇನ್ನೊಂದು ಕಾರಣವೂ ಇದೆ, ಇದನ್ನು ಯಾರೂ ಹೇಳುವುದಿಲ್ಲ. ಬೋರ್ ನೀರಿನಲ್ಲಿ ಕಾರ್ಬನ್ ಡೈಆಕ್ಸೈಡ್ ಕರಗಿರುತ್ತದೆ. ಅದು ಇರುವ ತನಕ ಸುಣ್ಣ ಕರಗಿಕೊಂಡೇ ಇರುತ್ತದೆ. ಟವರ್‌ನಲ್ಲಿ ನೀರು ಹನಿಹನಿಯಾಗಿ ಬಿದ್ದು ಗಾಳಿಗೆ ತಗುಲಿದಾಗ ಆ ಅನಿಲ ಹಾರಿಹೋಗುತ್ತದೆ, ಪಿಎಚ್ ಏರುತ್ತದೆ. ಬೋರ್‌ನಿಂದ ಬರುವಾಗ 7.2 ಇದ್ದ ಪಿಎಚ್ ಟವರ್‌ನಲ್ಲಿ 8.3 ಆಗುವುದು ಮಾಮೂಲು.

ನಮ್ಮ ಬೋರ್ ನೀರನ್ನು ಜನ ಕುಡಿಯುತ್ತಾರೆ. ಟವರ್‌ಗೆ ಯಾಕೆ ಆಗಲ್ಲ?

ಕುಡಿಯುವ ನೀರಿನ ಭಾರತೀಯ ಮಾನಕ ಐಎಸ್ 10500 ಪ್ರಕಾರ ಒಟ್ಟು ಗಡಸುತನ (ಕರಗಿರುವ ಕ್ಯಾಲ್ಸಿಯಂ, ಮೆಗ್ನೀಸಿಯಂ; ಕ್ಯಾಲ್ಸಿಯಂ ಕಾರ್ಬೊನೇಟ್ ಲೆಕ್ಕದಲ್ಲಿ) ಲೀಟರಿಗೆ 200 ಮಿಲಿಗ್ರಾಂ ಒಳಗಿರಬೇಕು. ಬೇರೆ ನೀರು ಸಿಗದಿದ್ದರೆ 600ರ ತನಕ ಒಪ್ಪಬಹುದು. ಅದು ಹೊಟ್ಟೆಗೆ ಹಾಕಿದ ಮಿತಿ, ಟ್ಯೂಬಿಗೆ ಅಲ್ಲ.

ಒಂದು ಉದಾಹರಣೆ ಕೊಡುತ್ತೇನೆ. ಲೀಟರಿಗೆ ಮಿಲಿಗ್ರಾಂ ಲೆಕ್ಕದಲ್ಲಿ ಕ್ಯಾಲ್ಸಿಯಂ ಗಡಸುತನ 250, ಆಲ್ಕಲಿನಿಟಿ (ಮುಖ್ಯವಾಗಿ ಬೈಕಾರ್ಬೊನೇಟ್ ಅಂಶ) 300, ಟಿಡಿಎಸ್ (ಕರಗಿರುವ ಒಟ್ಟು ಉಪ್ಪಿನಂಶ) 900 ಇರುವ ನೀರು ಅಂದುಕೊಳ್ಳಿ. ಅಮೆರಿಕದ ವಿಲ್ಫ್ರೆಡ್ ಲ್ಯಾಂಗೆಲಿಯರ್ 1936ರಲ್ಲಿ ಕೊಟ್ಟ ಸೂತ್ರ ಇವತ್ತಿಗೂ ಬಳಕೆಯಲ್ಲಿದೆ. ಈ ನೀರು ಸುಣ್ಣ ಬಿಡದೆ, ತಿನ್ನದೆ ಸಮತೋಲದಲ್ಲಿರುವ ಪಿಎಚ್ ಎಷ್ಟು ಅಂತ ಅದು ಹೇಳುತ್ತದೆ. 25 ಡಿಗ್ರಿಯಲ್ಲಿ ಅದು ಸುಮಾರು 7.1. ಬೋರ್ ನೀರಿನ ಪಿಎಚ್ 7.2, ಅಂದರೆ ಹೆಚ್ಚುಕಮ್ಮಿ ಸಮ. ಕುಡಿಯೋಕೆ ಅಡ್ಡಿಯಿಲ್ಲ, ಪೈಪಿನಲ್ಲೂ ಅಷ್ಟೇನೂ ಕಟ್ಟುವುದಿಲ್ಲ. ಅದೇ ನೀರು 40 ಡಿಗ್ರಿಗೆ ಹೋದರೆ ಸಮತೋಲದ ಪಿಎಚ್ 6.8ಕ್ಕೆ ಇಳಿಯುತ್ತದೆ, ಟವರ್‌ನ ಪಿಎಚ್ ಮಾತ್ರ 8.3ಕ್ಕೆ ಏರಿರುತ್ತದೆ. ವ್ಯತ್ಯಾಸ 1.5. ಸೊನ್ನೆಗಿಂತ ಮೇಲಿದ್ದರೆ ಸುಣ್ಣ ಕಟ್ಟುವ ಒಲವು ಅಂತ ಅರ್ಥ. ನೀರು ಇನ್ನೂ ಒಂದು ಲೀಟರ್ ಕೂಡ ಆವಿಯಾಗುವ ಮೊದಲೇ ಈ ಸ್ಥಿತಿ, ನೋಡಿ.

ಎಷ್ಟು ಸುಣ್ಣ ಸೇರಬಹುದು? ಸ್ವಲ್ಪ ಅಲ್ವಾ?

ಲೆಕ್ಕ ಹಾಕೋಣ. 100 ಟನ್ ಚಿಲ್ಲರ್ ಪೂರ್ತಿ ಲೋಡ್‌ನಲ್ಲಿ ಓಡಿದರೆ ಟವರ್‌ನಿಂದ ಗಂಟೆಗೆ ಸುಮಾರು 600 ಲೀಟರ್ ನೀರು ಆವಿಯಾಗುತ್ತದೆ. ಆವಿಯಾಗಿ ಹೋಗುವುದು ಬರೀ ನೀರು, ಅದರಲ್ಲಿದ್ದ ಸುಣ್ಣವೆಲ್ಲ ಕೆಳಗೇ ಉಳಿಯುತ್ತದೆ. ಒಟ್ಟು ಗಡಸುತನ 400 ಆಗಿದ್ದರೆ ಗಂಟೆಗೆ 240 ಗ್ರಾಂ. ದಿನಕ್ಕೆ 10 ಗಂಟೆ, ತಿಂಗಳಿಗೆ 25 ದಿನ ಓಡಿಸಿದರೆ 60 ಕಿಲೋ.

ಸಿಮೆಂಟ್ ಚೀಲ 50 ಕಿಲೋ. ಪ್ರತಿ ತಿಂಗಳೂ ಒಂದು ಸಿಮೆಂಟ್ ಚೀಲಕ್ಕಿಂತ ಜಾಸ್ತಿ ಕಲ್ಲನ್ನು ನಾವೇ ಕೈಯಾರೆ ಟವರ್ ಕೆಳಗಿನ ನೀರಿನ ತೊಟ್ಟಿ, ಅಂದರೆ ಬೇಸಿನ್‌ಗೆ ಸುರಿದಂತಾಯ್ತು. ಅದನ್ನು ಚರಂಡಿಗೆ ಕಳಿಸಬೇಕು, ಇಲ್ಲವೇ ಮೊದಲೇ ನೀರಿನಿಂದ ತೆಗೆಯಬೇಕು, ಇಲ್ಲವೇ ಕರಗಿದ್ದ ಹಾಗೇ ಹಿಡಿದಿಡಬೇಕು. ಈ ಮೂರನ್ನೂ ಮಾಡದಿದ್ದರೆ ಅದು ಟ್ಯೂಬಿಗೇ ಅಂಟುತ್ತದೆ, ಬೇರೆ ಜಾಗ ಇಲ್ಲ.

ತೆಳು ಪೊರೆ ಕಟ್ಟಿದರೆ ಏನಾಗುತ್ತದೆ?

ತಾಮ್ರ ಶಾಖವನ್ನು ಚೆನ್ನಾಗಿ ದಾಟಿಸುತ್ತದೆ. ಸುಣ್ಣ ದಾಟಿಸುವುದು ತಾಮ್ರದ ನೂರರಲ್ಲಿ ಒಂದು ಪಾಲಿಗಿಂತಲೂ ಕಡಿಮೆ. ಉಗುರಿನಷ್ಟು ತೆಳ್ಳಗಿದ್ದರೂ ಅದು ಟ್ಯೂಬಿಗೆ ಹೊದಿಸಿದ ಕಂಬಳಿಯೇ. ಗ್ಯಾಸಿನ ಶಾಖ ನೀರಿಗೆ ಹೋಗದೆ ಹೆಡ್ ಪ್ರೆಶರ್ (ಕಂಡೆನ್ಸರ್ ಒಳಗಿನ ಗ್ಯಾಸಿನ ಒತ್ತಡ) ಏರುತ್ತದೆ. ಕಂಡೆನ್ಸಿಂಗ್ ಉಷ್ಣತೆ (ಗ್ಯಾಸ್ ದ್ರವವಾಗುವ ಉಷ್ಣತೆ) ಒಂದು ಡಿಗ್ರಿ ಏರಿದರೆ ಕಂಪ್ರೆಸರ್ ಸುಮಾರು 2ರಿಂದ 3 ಶೇಕಡಾ ಹೆಚ್ಚು ಕರೆಂಟ್ ಎಳೆಯುತ್ತದೆ. ಐದು ಡಿಗ್ರಿ ಏರಿದರೆ ಬಿಲ್ ಎಲ್ಲಿಗೆ ಹೋಗುತ್ತದೆ ನೀವೇ ಲೆಕ್ಕ ಹಾಕಿ.

ಮೋಲ್ಡ್‌ನಲ್ಲಿ ಇನ್ನೂ ನೋವಾಗುತ್ತದೆ. ಒಮ್ಮೆ ಬಕೆಟ್ ಮುಚ್ಚಳದ ಡೈ ಒಂದರಲ್ಲಿ ಸೈಕಲ್ ಟೈಮ್ (ಒಂದು ಪೀಸು ಮಾಡಲು ಹಿಡಿಯುವ ಸಮಯ) ವಾರದಿಂದ ವಾರಕ್ಕೆ ಏರುತ್ತಾ ಹೋಯ್ತು. ಪೀಸು ಬಾಗಿ ಬರುತ್ತಿತ್ತು. ಆಪರೇಟರ್ ಮಟೀರಿಯಲ್ ಸರಿಯಿಲ್ಲ ಅಂದ, ಸೂಪರ್‌ವೈಸರ್ ಮಷಿನ್ ಸೆಟ್ಟಿಂಗ್ ಅಂದರು. ಕೊನೆಗೆ ಹೋಸ್ ಕಿತ್ತು ನಿಪ್ಪಲ್ ಬಿಚ್ಚಿದೆವು. 10 ಮಿಲಿಮೀಟರ್ ತೂತು ಬಾಲ್‌ಪೆನ್ ರೀಫಿಲ್ ಹೋಗುವಷ್ಟು ಉಳಿದಿತ್ತು. ಸುತ್ತಲೂ ಸುಣ್ಣ ಮರದ ಉಂಗುರಗಳ ಹಾಗೆ ಪದರ ಪದರವಾಗಿ ಕೂತಿತ್ತು: ಒಂದು ಬಿಳಿ, ಒಂದು ಕಂದು, ಮತ್ತೆ ಬಿಳಿ. ಸ್ಕ್ರೂಡ್ರೈವರ್‌ನಲ್ಲಿ ಒತ್ತಿದರೆ ಚಟ್ ಅಂತ ಸೀಳಿ ಬರುತ್ತಿತ್ತು. ಆ ತುಂಡನ್ನು ಬಹಳ ದಿನ ಟೂಲ್ ಬಾಕ್ಸ್‌ನಲ್ಲಿ ಇಟ್ಟುಕೊಂಡಿದ್ದೆ, ಹೊಸಬರಿಗೆ ತೋರಿಸಲು.

ಬ್ಲೋಡೌನ್ ಅಂದರೆ ಒಳ್ಳೆ ನೀರನ್ನು ಚೆಲ್ಲುವುದು. ಪೋಲು ಅಲ್ವಾ?

ಈ ಪ್ರಶ್ನೆ ನನಗೆ ಅತಿ ಹೆಚ್ಚು ಬಂದಿದೆ. ಟ್ಯಾಂಕರ್‌ಗೆ ದುಡ್ಡು ಕೊಡುವವರು ಕೇಳುವುದು ಸಹಜ.

ಸಾರು ಕುದಿಸಿ ಕುದಿಸಿ ಇಂಗಿಸಿದರೆ ಉಪ್ಪಾಗುತ್ತದೆ. ಟವರ್‌ನಲ್ಲಿ ನಡೆಯುವುದು ಅದೇ. ಬೇಸಿನ್ ನೀರಿನಲ್ಲಿ ಉಪ್ಪಿನಂಶ ಹೊಸ ನೀರಿನ ಎಷ್ಟು ಪಟ್ಟು ಆಗಿದೆ ಅನ್ನುವುದನ್ನು ಸೈಕಲ್ ಅಂತ ಕರೆಯುತ್ತೇವೆ. ಹೊಸ ನೀರಿನ ಟಿಡಿಎಸ್ 900, ಬೇಸಿನ್‌ದು 2700 ಇದ್ದರೆ 3 ಸೈಕಲ್. ಅದು ಅಲ್ಲೇ ನಿಲ್ಲಬೇಕಾದರೆ ಸ್ವಲ್ಪ ನೀರನ್ನು ಬಿಡಲೇಬೇಕು, ಅದೇ ಬ್ಲೋಡೌನ್. ಎಷ್ಟು ಬಿಡಬೇಕು? ಆವಿಯಾದ ನೀರನ್ನು, ಸೈಕಲ್‌ನಲ್ಲಿ ಒಂದು ಕಳೆದ ಸಂಖ್ಯೆಯಿಂದ ಭಾಗಿಸಿ.

ಅದೇ 600 ಲೀಟರ್ ಆವಿಗೆ: 2 ಸೈಕಲ್‌ನಲ್ಲಿ ಗಂಟೆಗೆ 600 ಲೀಟರ್ ಬಿಡಬೇಕು. 3ರಲ್ಲಿ 300. 5ರಲ್ಲಿ 150. 10ಕ್ಕೆ ಹೋದರೆ 67. ಗಮನಿಸಿ, 2ರಿಂದ 3ಕ್ಕೆ ಹೋದಾಗ 300 ಲೀಟರ್ ಉಳಿಯಿತು. 5ರಿಂದ 10ಕ್ಕೆ ಹೋದಾಗ ಉಳಿದದ್ದು ಬರೀ 83. ಆ 83 ಲೀಟರ್ ಆಸೆಗೆ ಸುಣ್ಣವನ್ನು ಐದು ಪಟ್ಟಿನಿಂದ ಹತ್ತು ಪಟ್ಟಿಗೆ ಏರಿಸುವುದು ನನ್ನ ಪ್ರಕಾರ ಬೇಡವೇ ಬೇಡ.

ನಾನು ಕಂಡ ಒಂದು ಬೇಸಿಗೆಯ ಕಥೆ. ನೀರಿನ ಅಭಾವ ಜೋರಾಗಿತ್ತು. ಒಂದು ಫ್ಯಾಕ್ಟರಿಯಲ್ಲಿ ಟ್ಯಾಂಕರ್ ಉಳಿಸಲು ಬ್ಲೋಡೌನ್ ವಾಲ್ವ್ ಮುಚ್ಚಿ, ಹಿಡಿಯನ್ನು ಬೈಂಡಿಂಗ್ ವೈರ್‌ನಿಂದ ಕಟ್ಟಿದರು. ಯಾರೂ ತೆರೆಯಬಾರದು ಅಂತ. ನಾನೂ ಅಲ್ಲೇ ಇದ್ದೆ, ಗಟ್ಟಿಯಾಗಿ ಬೇಡ ಅನ್ನಲಿಲ್ಲ, ಆ ಬೇಸರ ಈಗಲೂ ಇದೆ. ಎರಡನೇ ತಿಂಗಳು ಚಿಲ್ಲರ್ ಮಧ್ಯಾಹ್ನದ ಹೊತ್ತು ಹೈ ಪ್ರೆಶರ್‌ನಲ್ಲಿ ಟ್ರಿಪ್ ಆಗತೊಡಗಿತು. ಕಂಡೆನ್ಸರ್ ಮುಚ್ಚಳ ತೆರೆದರೆ ಟ್ಯೂಬ್‌ಶೀಟ್ (ಟ್ಯೂಬುಗಳ ತುದಿ ಕೂರುವ ತಟ್ಟೆ) ಸುಣ್ಣ ಹೊಡೆದ ಗೋಡೆಯ ಹಾಗಿತ್ತು. ಎರಡು ದಿನ ಪ್ರೊಡಕ್ಷನ್ ನಿಂತಿತು. ಉಳಿಸಿದ ಟ್ಯಾಂಕರ್‌ಗಳ ದುಡ್ಡು ಆ ಎರಡು ದಿನಕ್ಕೇ ಸಾಲಲಿಲ್ಲ.

ಹಾಗಾದರೆ ಎಷ್ಟು ಸೈಕಲ್ ಇಟ್ಟುಕೊಳ್ಳಬೇಕು?

ನಿಮ್ಮ ನೀರು ನೋಡದೆ ಸಂಖ್ಯೆ ಹೇಳುವವರನ್ನು ನಂಬಬೇಡಿ. ಮೇಲಿನ ಉದಾಹರಣೆಯ ಗಡಸು ನೀರಾದರೆ, ಸಾಫ್ಟ್‌ನರ್ (ನೀರಿನ ಗಡಸುತನ ತೆಗೆಯುವ ಉಪಕರಣ) ಇಲ್ಲದೆ ಒಳ್ಳೆ ಆಂಟಿಸ್ಕೇಲೆಂಟ್ (ಸುಣ್ಣ ಕಟ್ಟದಂತೆ ತಡೆಯುವ ಕೆಮಿಕಲ್) ಹಾಕಿದರೂ 2 ದಾಟುವುದು ಕಷ್ಟ. ಮೆದು ನೀರಿಗೆ 4, 5 ಆರಾಮ. ಸಿಲಿಕಾ ಜಾಸ್ತಿ ಇದ್ದರೆ ಅದೇ ಮಿತಿ ಹಾಕುತ್ತದೆ: ಬೇಸಿನ್‌ನಲ್ಲಿ 150 ಪಿಪಿಎಂ (ಲೀಟರಿಗೆ ಮಿಲಿಗ್ರಾಂ) ದಾಟಲು ಬಿಡಬೇಡಿ. ನಮ್ಮ ಬೋರ್‌ಗಳು ಗ್ರಾನೈಟ್, ನೈಸ್ ಕಲ್ಲಿನ ಬಿರುಕುಗಳಿಂದ ನೀರು ತರುತ್ತವೆ. ಅದಕ್ಕೇ ಸಿಲಿಕಾ ಪರೀಕ್ಷೆ ಬಿಡಬೇಡಿ ಅಂತ ಹೇಳುವುದು. ಸಿಲಿಕಾ ಪೊರೆ ಗಾಜಿನ ಹಾಗೆ ಕೂರುತ್ತದೆ, ಮಾಮೂಲಿ ಆಸಿಡ್‌ಗೆ ಜಗ್ಗುವುದಿಲ್ಲ.

ಟಿಡಿಎಸ್ ಮೀಟರ್ ಒಂದಿದ್ದರೆ ಸಾಕಾ?

ಬ್ಲೋಡೌನ್ ನೋಡಿಕೊಳ್ಳಲು ಸಾಕು. ಪೆನ್ ತರಹದ ಸಣ್ಣ ಮೀಟರ್ ಕೂಡ ಆಗುತ್ತದೆ. ಆದರೆ ಸಾಫ್ಟ್‌ನರ್ ಕೆಲಸ ಮಾಡುತ್ತಿದೆಯಾ ಅಂತ ಅದರಲ್ಲಿ ಗೊತ್ತಾಗುವುದಿಲ್ಲ. ಸಾಫ್ಟ್‌ನರ್ ಕ್ಯಾಲ್ಸಿಯಂ ತೆಗೆದು ಸೋಡಿಯಂ ಕೊಡುತ್ತದೆ, ಒಟ್ಟು ಉಪ್ಪಿನಂಶ ಹಾಗೇ ಇರುತ್ತದೆ. ಟಿಡಿಎಸ್ ಇಳಿದಿಲ್ಲ, ಸಾಫ್ಟ್‌ನರ್ ಹಾಳಾಗಿದೆ ಅಂತ ಅದರೊಳಗಿನ ರೆಸಿನ್ (ಕ್ಯಾಲ್ಸಿಯಂ ಹಿಡಿಯುವ ಸಣ್ಣ ಮಣಿಗಳು) ಬದಲಾಯಿಸಿದವರನ್ನು ನೋಡಿದ್ದೇನೆ. ಒಳ್ಳೆ ರೆಸಿನ್ ಕಸಕ್ಕೆ ಹೋಯಿತು.

ಅದಕ್ಕೆ ಹಾರ್ಡ್‌ನೆಸ್ ಕಿಟ್ ಬೇಕು. ಸ್ವಲ್ಪ ನೀರಿಗೆ ಬಫರ್, ಇಂಡಿಕೇಟರ್ ಹಾಕಿ. ಗಡಸುತನ ಇದ್ದರೆ ದ್ರಾಕ್ಷಿ ರಸದಂಥ ಕೆಂಪು. ಕಿಟ್ ಜೊತೆ ಬರುವ ಇಡಿಟಿಎ ದ್ರಾವಣದ ಹನಿಗಳನ್ನು ಎಣಿಸುತ್ತಾ ಬಿಡಿ. ಒಂದು ಹನಿಗೆ ಕೆಂಪು ಮಾಸಿ ನೇರಳೆ ಆಗುತ್ತದೆ, ಮುಂದಿನ ಹನಿಗೆ ತಿಳಿ ನೀಲಿ. ಅಲ್ಲಿಗೆ ನಿಲ್ಲಿಸಿ. ಸಾಫ್ಟ್‌ನರ್ ಚೆನ್ನಾಗಿದ್ದರೆ ಮೊದಲೇ ನೀಲಿ ಬರುತ್ತದೆ. ಎರಡು ನಿಮಿಷದ ಕೆಲಸ.

ಸಾಫ್ಟ್‌ನರ್ ಹಾಕಿದರೆ ಎಲ್ಲ ಸರಿಹೋಗುತ್ತಾ?

ಸುಣ್ಣದ ಮಟ್ಟಿಗೆ ಇದಕ್ಕಿಂತ ನೇರವಾದ ದಾರಿ ಇಲ್ಲ. ಆದರೆ ರೆಸಿನ್‌ಗೆ ಹೊಟ್ಟೆ ಇಷ್ಟೇ ಅಂತ ಇರುತ್ತದೆ. ಒಂದು ಲೀಟರ್ ರೆಸಿನ್ ಸುಮಾರು 50 ಗ್ರಾಂ ಗಡಸುತನ ಹಿಡಿಯುತ್ತದೆ ಅಂದುಕೊಳ್ಳಿ. 100 ಲೀಟರ್ ರೆಸಿನ್ ಇದ್ದರೆ, 400 ಗಡಸುತನದ ನೀರಿಗೆ 12,500 ಲೀಟರ್ ತನಕ ಬರುತ್ತದೆ. ಆಮೇಲೆ ಉಪ್ಪಿನ ನೀರು ಹಾಯಿಸಿ ರೀಜನರೇಷನ್ ಮಾಡಲೇಬೇಕು. ಬೇಸಿಗೆಯಲ್ಲಿ ಬೋರ್ ಆಳಕ್ಕೆ ಇಳಿದು ಗಡಸುತನ 600 ಆದರೆ ಅದೇ ರೆಸಿನ್ 8,300 ಲೀಟರ್‌ಗೇ ಕೈ ಎತ್ತುತ್ತದೆ. "ಸೋಮವಾರ ಸೋಮವಾರ ಉಪ್ಪು ಹಾಕ್ತೀವಿ ಸಾರ್" ಅನ್ನುವ ಪದ್ಧತಿ ಕೈಕೊಡುವುದು ಇಲ್ಲೇ. ವಾರದ ಲೆಕ್ಕ ಬಿಡಿ, ವಾಟರ್ ಮೀಟರ್ ಹಾಕಿ ಲೀಟರ್ ಲೆಕ್ಕದಲ್ಲಿ ಮಾಡಿ.

ಇನ್ನೊಂದು ಎಚ್ಚರಿಕೆ. ಸಾಫ್ಟ್‌ನರ್ ಆಲ್ಕಲಿನಿಟಿ ತೆಗೆಯುವುದಿಲ್ಲ. ಪೂರ್ತಿ ಮೆದು ನೀರನ್ನೇ ಟವರ್‌ಗೆ ಕೊಟ್ಟು ಸೈಕಲ್ ಏರಿಸಿದರೆ ಪಿಎಚ್ 9ರ ಆಸುಪಾಸಿಗೆ ಹೋಗಿ ಜಿಐ (ಸತು ಲೇಪಿಸಿದ ಕಬ್ಬಿಣದ) ಟವರ್ ಮೇಲೆ ಹತ್ತಿಯಂಥ ಬಿಳಿ ತುಕ್ಕು ಬರುತ್ತದೆ. ಅದನ್ನು ಸುಣ್ಣ ಅಂದುಕೊಂಡು ಕೆರೆಯುವವರಿದ್ದಾರೆ, ಅದು ಕರಗುತ್ತಿರುವ ಸತು. ಸ್ವಲ್ಪ ಬೋರ್ ನೀರನ್ನು ಬೆರೆಸಿ, ಲೋಹ ತಿನ್ನದಂತೆ ತಡೆಯುವ ಕೊರೋಷನ್ ಇನ್‌ಹಿಬಿಟರ್ ಹಾಕಿ.

ಆರ್‌ಓ ನೀರು ಕೊಡಬಹುದಾ? ಆರ್‌ಓ ರಿಜೆಕ್ಟ್?

ಆರ್‌ಓ ನೀರು ಕೊಡಬಹುದು, ಬೆರಕೆ ಮಾಡಿ. ಅದೊಂದನ್ನೇ ಕೊಟ್ಟರೆ ಲೋಹ ತಿನ್ನುತ್ತದೆ. ರಿಜೆಕ್ಟ್ ನೀರನ್ನು ದಯವಿಟ್ಟು ಟವರ್‌ಗೆ ಬಿಡಬೇಡಿ. ಬೋರ್ ನೀರಿನ ಸುಣ್ಣವೆಲ್ಲ ಇಂಗಿ ಅದರಲ್ಲಿ ಸೇರಿರುತ್ತದೆ. ನೀರು ಉಳಿಸಬೇಕು ಅನ್ನುವ ಒಳ್ಳೆ ಮನಸ್ಸಿನಿಂದಲೇ ಹೀಗೆ ಮಾಡುತ್ತಾರೆ. ಅದನ್ನು ಟಾಯ್ಲೆಟ್ ಫ್ಲಷ್‌ಗೆ ಕೊಡಿ.

ಆಂಟಿಸ್ಕೇಲೆಂಟ್ ಕೆಮಿಕಲ್ ಹೇಗೆ ಕೆಲಸ ಮಾಡುತ್ತದೆ?

ಸುಣ್ಣದ ಹರಳು ಹುಟ್ಟುವಾಗಲೇ ಅದರ ಮೇಲೆ ಕೂತು ಬೆಳೆಯದಂತೆ ತಡೆಯುತ್ತದೆ. ಫಾಸ್ಫೋನೇಟ್ ಮತ್ತು ಪಾಲಿಮರ್‌ಗಳ ಮಿಶ್ರಣ ಸಾಮಾನ್ಯ. ವಿಶೇಷ ಏನೆಂದರೆ, ಕೆಲವೇ ಪಿಪಿಎಂ ಕೆಮಿಕಲ್ ನೂರಾರು ಪಿಪಿಎಂ ಸುಣ್ಣವನ್ನು ಹಿಡಿದಿಡುತ್ತದೆ. ಆದರೆ ಆ ಕೆಲವು ಪಿಪಿಎಂ ಸದಾ ಇರಬೇಕು. ಬೆಳಗ್ಗೆ ಒಂದು ಮಗ್ ಸುರಿದು ಸಂಜೆ ತನಕ ಮರೆತರೆ ಮಧ್ಯಾಹ್ನಕ್ಕೇ ಬ್ಲೋಡೌನ್ ಜೊತೆ ಅರ್ಧ ಹೋಗಿರುತ್ತದೆ. ಸಣ್ಣ ಡೋಸಿಂಗ್ ಪಂಪ್ ಹಾಕಿ, ಹೊಸ ನೀರಿನ ಮೀಟರ್‌ಗೆ ಜೋಡಿಸಿ.

ಫ್ಲೋಟ್ ವಾಲ್ವ್ ಸೋರುತ್ತಿದೆಯಾ ಅಂತಲೂ ನೋಡಿ. ಓವರ್‌ಫ್ಲೋ ಪೈಪಿನಲ್ಲಿ ಬೆರಳು ದಪ್ಪ ನೀರು ಹೋಗುತ್ತಿದ್ದರೆ ನೀವು ಹಾಕಿದ ಕೆಮಿಕಲ್ ಚರಂಡಿ ಸೇರುತ್ತಿದೆ. ಹತ್ತು ಕಡೆ ಹೋದರೆ ಆರು ಕಡೆ ಇದೇ ತೊಂದರೆ ಕಾಣುತ್ತಿದ್ದೆ.

ಸಲ್ಫ್ಯೂರಿಕ್ ಆಸಿಡ್ ಹಾಕಿ ಪಿಎಚ್ ಇಳಿಸಬಹುದಾ?

ದೊಡ್ಡ ಪ್ಲಾಂಟ್‌ಗಳಲ್ಲಿ ಕಂಟ್ರೋಲರ್ ಇಟ್ಟು ಮಾಡುತ್ತಾರೆ. ಸಣ್ಣ ಶೆಡ್‌ನಲ್ಲಿ ಕೈಯಿಂದ ಹಾಕಬೇಡಿ. ಒಂದು ಸಲ ಜಾಸ್ತಿ ಬಿದ್ದರೆ ಟ್ಯೂಬ್ ತೂತಾಗುತ್ತದೆ.

ಪೈಪಿಗೆ ಕಟ್ಟುವ ಮ್ಯಾಗ್ನೆಟ್, ಎಲೆಕ್ಟ್ರಾನಿಕ್ ಡೀಸ್ಕೇಲರ್?

ಪರೀಕ್ಷೆಗಳ ಫಲಿತಾಂಶ ಒಂದೇ ಥರ ಬಂದಿಲ್ಲ. ಅವು ಗಡಸುತನವನ್ನು ನೀರಿನಿಂದ ತೆಗೆಯುವುದಿಲ್ಲ, ತಿಂಗಳ ಆ 60 ಕಿಲೋ ಅಲ್ಲೇ ಇರುತ್ತದೆ. ಹಾಕಿಸುವುದಾದರೆ ಬ್ಲೋಡೌನ್ ನಿಲ್ಲಿಸಬೇಡಿ, ಮೂರು ತಿಂಗಳ ನಂತರ ಕಂಡೆನ್ಸರ್ ತೆರೆದು ಕಣ್ಣಾರೆ ನೋಡುವ ಷರತ್ತು ಹಾಕಿ.

ಆಗಲೇ ಕಟ್ಟಿಬಿಟ್ಟಿದೆ. ಹೇಗೆ ತೆಗೆಯುವುದು?

ಮೊದಲು ಒಂದು ಚೂರು ಪೊರೆಯನ್ನು ಗಾಜಿನ ಲೋಟದಲ್ಲಿ ಹಾಕಿ, ನೀರಿನಲ್ಲಿ ತೆಳುವಾಗಿಸಿದ ಆಸಿಡ್ ಎರಡು ಹನಿ ಬಿಡಿ. ಜೋರಾಗಿ ಬುರುಗು ಬಂದರೆ ಸುಣ್ಣ, ಸುಲಭ. ಬುರುಗೇ ಬರದಿದ್ದರೆ ಸಿಲಿಕಾ ಅಥವಾ ಜಿಪ್ಸಂ ಇರಬಹುದು. ಅದು ಗೊತ್ತಿರುವವರ ಕೆಲಸ, ಕೈ ಹಾಕಬೇಡಿ.

ಸುಣ್ಣಕ್ಕೆ ಸಲ್ಫಾಮಿಕ್ ಆಸಿಡ್ ನನ್ನ ಆಯ್ಕೆ. ಪುಡಿಯಾಗಿ ಸಿಗುತ್ತದೆ, ಹೊಗೆ ಏಳುವುದಿಲ್ಲ. ಒಂದು ಕಿಲೋ ಸುಣ್ಣ ಕರಗಿಸಲು ಸುಮಾರು ಎರಡು ಕಿಲೋ ಬೇಕು, ಇನ್‌ಹಿಬಿಟರ್ ಸೇರಿಸಿಯೇ ಬಳಸಬೇಕು. ಬಕೆಟ್, ಸಣ್ಣ ಪಂಪ್, ಎರಡು ಹೋಸ್ ಇಟ್ಟು ಸುತ್ತಿಸಿ. ಬುರುಗು ನಿಂತು ಪಿಎಚ್ ಏರದೆ ಹಾಗೇ ಉಳಿದರೆ ಕೆಲಸ ಮುಗಿದಂತೆ. ಆಮೇಲೆ ಸೋಡಾ ಆಷ್ ನೀರು, ಆಮೇಲೆ ಬರೀ ನೀರು.

ಪೇಟೆಯಲ್ಲಿ ಸಿಗುವ ಹೈಡ್ರೋಕ್ಲೋರಿಕ್ ಆಸಿಡ್ ಅಗ್ಗ, ಬೇಗ ಕೆಲಸ ಮಾಡುತ್ತದೆ. ಆದರೆ ತೆಳು ತಟ್ಟೆಗಳ ಮೂಲಕ ಎರಡು ನೀರು ಬೆರೆಯದೆ ಶಾಖ ದಾಟಿಸುವ ಸ್ಟೇನ್‌ಲೆಸ್ ಸ್ಟೀಲ್ ಪ್ಲೇಟ್ ಎಕ್ಸ್‌ಚೇಂಜರ್‌ಗೆ ಅದನ್ನು ಹಾಕಲೇಬಾರದು, ಕ್ಲೋರೈಡ್ ಸಣ್ಣ ಸಣ್ಣ ತೂತು ಕೊರೆಯುತ್ತದೆ. ಜಿಐ, ಅಲ್ಯುಮಿನಿಯಂಗೂ ಬೇಡ.

ಆಸಿಡನ್ನು ನೀರಿಗೆ ಹಾಕಬೇಕು, ನೀರನ್ನು ಆಸಿಡ್‌ಗೆ ಅಲ್ಲ. ಕನ್ನಡಕ, ಗ್ಲೌಸ್ ಹಾಕಿಕೊಳ್ಳಿ. ಗಾಳಿ ಆಡುವ ಜಾಗ ಇರಲಿ. ಪಾಚಿಗೆ ಹಾಕುವ ಹೈಪೋ (ಸೋಡಿಯಂ ಹೈಪೋಕ್ಲೋರೈಟ್) ಅದೇ ಲೈನಿನಲ್ಲಿ ಉಳಿದಿದ್ದರೆ ಆಸಿಡ್ ಹಾಕಬೇಡಿ. ಕ್ಲೋರಿನ್ ಅನಿಲ ಬರುತ್ತದೆ, ಜೀವಕ್ಕೆ ಅಪಾಯ. ಮುಚ್ಚಿದ ಕೋಣೆಯಲ್ಲಿ ಹೆಲ್ಪರ್ ಹುಡುಗನನ್ನು ಒಬ್ಬನೇ ಬಿಟ್ಟು ಈ ಕೆಲಸ ಮಾಡಿಸಬೇಡಿ.

ಪಾಚಿ, ಲೋಳೆಗೂ ಸುಣ್ಣಕ್ಕೂ ಸಂಬಂಧ ಇದೆಯಾ?

ಇದೆ. ಲೋಳೆಗೆ ಸುಣ್ಣದ ಕಣ ಅಂಟುತ್ತದೆ, ಸುಣ್ಣದ ಒರಟು ಮೈಯಲ್ಲಿ ಬ್ಯಾಕ್ಟೀರಿಯಾ ಮನೆ ಮಾಡುತ್ತವೆ. ಬೆಚ್ಚಗಿನ ಟವರ್ ನೀರಿನಲ್ಲಿ ಲೀಜಿಯೊನೆಲ್ಲಾ ಎಂಬ ಬ್ಯಾಕ್ಟೀರಿಯಾ ಬೆಳೆಯಬಹುದು. 1976ರಲ್ಲಿ ಫಿಲಡೆಲ್ಫಿಯಾದ ಹೋಟೆಲ್ ಒಂದರಲ್ಲಿ ಸೇರಿದ್ದ ಮಾಜಿ ಸೈನಿಕರಲ್ಲಿ ಇದರಿಂದ ಬರುವ ರೋಗ ಮೊದಲು ಗುರುತಿಗೆ ಬಂತು. ಟವರ್‌ನ ತುಂತುರು ಉಸಿರಿನಲ್ಲಿ ಹೋದರೆ ನ್ಯುಮೋನಿಯಾ ಬರಬಹುದು. ಬಯೋಸೈಡ್ (ಪಾಚಿ, ಬ್ಯಾಕ್ಟೀರಿಯಾ ಕೊಲ್ಲುವ ಕೆಮಿಕಲ್) ಹಾಕುವುದನ್ನು ತಪ್ಪಿಸಬೇಡಿ, ಟವರ್ ತೊಳೆಯುವವರಿಗೆ ಮಾಸ್ಕ್ ಕೊಡಿ.

ಶುದ್ಧೀಕರಿಸಿದ ಎಸ್‌ಟಿಪಿ (ಕೊಳಚೆ ನೀರು ಶುದ್ಧೀಕರಣ ಘಟಕದ) ನೀರು ಬಳಸಬಹುದಾ?

ಬಳಸಬಹುದು, ಬಳಸಬೇಕು ಕೂಡ. ಎರಡು ವಿಷಯ ಪರೀಕ್ಷೆ ಮಾಡಿಸಿ. ಫಾಸ್ಫೇಟ್ ಇದ್ದರೆ ಕ್ಯಾಲ್ಸಿಯಂ ಜೊತೆ ಸೇರಿ ಬೇರೆ ಥರದ ಪೊರೆ ಕಟ್ಟುತ್ತದೆ. ಅಮೋನಿಯಾ ಇದ್ದರೆ ತಾಮ್ರದ ಟ್ಯೂಬನ್ನು ತಿನ್ನುತ್ತದೆ.

ಮಳೆ ನೀರು?

ನಮಗೆ ಸಿಗುವ ಅತಿ ಮೆದು ನೀರು ಇದೇ, ಅದೂ ಪುಕ್ಕಟೆ. 1000 ಚದರ ಮೀಟರ್ ಶೀಟ್ ಛಾವಣಿ, ಬೆಂಗಳೂರಿನ ವರ್ಷದ ಮಳೆ 900 ಮಿಲಿಮೀಟರ್ ಅಂತ ಹಿಡಿದು, ಐದರಲ್ಲಿ ಒಂದು ಪಾಲು ಬಿಟ್ಟರೂ 7 ಲಕ್ಷ ಲೀಟರ್ ಆಗುತ್ತದೆ. ಮೊದಲ ಮಳೆಯ ಧೂಳು ನೀರನ್ನು ಹೊರಗೆ ಬಿಟ್ಟು, ಮರಳಿನ ಫಿಲ್ಟರ್ ದಾಟಿಸಿ ಸಂಪಿಗೆ ತನ್ನಿ. ಬೋರ್ ನೀರಿಗೆ ಅರ್ಧಕ್ಕರ್ಧ ಬೆರೆಸಿದರೆ ಗಡಸುತನ ಅರ್ಧಕ್ಕೆ ಇಳಿಯುತ್ತದೆ, ಬ್ಲೋಡೌನೂ ಇಳಿಯುತ್ತದೆ.

ಮೋಲ್ಡ್‌ಗಳಿಗೆ ಟವರ್ ನೀರೇ ಬೇಡ ಅನ್ನುತ್ತಾರೆ. ನಿಜವಾ?

ಆಗುವುದಾದರೆ ಹಾಗೇ ಮಾಡಿ. ಮಧ್ಯೆ ಒಂದು ಪ್ಲೇಟ್ ಎಕ್ಸ್‌ಚೇಂಜರ್ ಇಟ್ಟು, ಮೋಲ್ಡ್ ಕಡೆ ಮೆದು ನೀರು ಮುಚ್ಚಿದ ಲೈನಿನಲ್ಲಿ ಸುತ್ತಲಿ. ಅಲ್ಲಿ ಆವಿ ಇಲ್ಲ, ಹೊಸ ನೀರು ಬರುವುದಿಲ್ಲ, ಸುಣ್ಣವೂ ಬರುವುದಿಲ್ಲ. ಕಟ್ಟಿದರೆ ಪ್ಲೇಟ್ ಒಂದರಲ್ಲೇ ಕಟ್ಟುತ್ತದೆ. ಒಂದನ್ನು ಬಿಚ್ಚಿ ತೊಳೆಯುವುದು ಮೂವತ್ತು ಡೈ ತೊಳೆಯುವುದಕ್ಕಿಂತ ಎಷ್ಟೋ ಸುಲಭ.

ನಮ್ಮಲ್ಲಿ ಇದಕ್ಕೆ ಅಂತ ಬೇರೆ ಆಳಿಲ್ಲ. ಕನಿಷ್ಠ ಏನು ಮಾಡಬೇಕು?

ಒಂದು ನೋಟ್‌ಬುಕ್, ಅದಕ್ಕೆ ದಾರ ಕಟ್ಟಿದ ಪೆನ್ನು, ಟವರ್ ಪಕ್ಕದ ಪ್ಯಾನೆಲ್ ಮೇಲೆ. ಬೆಳಗಿನ ಶಿಫ್ಟ್‌ಗೆ ಬಂದವರು ಹೊಸ ನೀರಿನ ಟಿಡಿಎಸ್, ಬೇಸಿನ್ ಟಿಡಿಎಸ್, ವಾಟರ್ ಮೀಟರ್ ರೀಡಿಂಗ್ ಬರೆಯಲಿ. ಸಾಫ್ಟ್‌ನರ್ ಇದ್ದರೆ ಹಾರ್ಡ್‌ನೆಸ್ ಕಿಟ್‌ನಲ್ಲಿ ನೀಲಿಯೋ ಕೆಂಪೋ ಅಂತ ಒಂದು ಪದ. ಮಧ್ಯಾಹ್ನ ಚಿಲ್ಲರ್ ಪೂರ್ತಿ ಲೋಡ್‌ನಲ್ಲಿದ್ದಾಗ ಕಂಡೆನ್ಸಿಂಗ್ ಉಷ್ಣತೆ, ಕಂಡೆನ್ಸರ್‌ನಿಂದ ಹೊರಬರುವ ನೀರಿನ ಉಷ್ಣತೆ. ಇವೆರಡರ ವ್ಯತ್ಯಾಸ ಬಹಳ ಮುಖ್ಯ. ಟ್ಯೂಬ್ ಶುಚಿ ಮಾಡಿದ ಮರುದಿನ ಅದು ಎಷ್ಟಿತ್ತು ಅಂತ ಪುಸ್ತಕದ ಮೊದಲ ಪುಟದಲ್ಲಿ ದಪ್ಪವಾಗಿ ಬರೆದಿಡಿ. ಅದಕ್ಕಿಂತ ಎರಡು ಡಿಗ್ರಿ ಜಾಸ್ತಿ ಆದ ದಿನ ನನಗೆ, ಅಥವಾ ನಿಮ್ಮ ಮೆಂಟೆನೆನ್ಸ್‌ನವರಿಗೆ, ಅವತ್ತೇ ಫೋನ್ ಮಾಡಿ. ಟ್ರಿಪ್ ಆಗುವ ತನಕ ಕಾಯಬೇಡಿ.